ಗೃಹಗೀತಭಂಡಾರವೂ ನಿಸ್ತಂತು ಧ್ವನಿವರ್ಧಕಗಳೂ

ಮನೆಯೊಡೆಯನು ತಾನು ಸಂಪಾದಿಸಿದ ಗೀತಗಳನ್ನೆಲ್ಲ ಮನೆಯೊಳಗಿನ ಒಂದು ಭಂಡಾರದಲ್ಲಿಟ್ಟುಕೊಂಡು, ಬೇಕಾದುದನ್ನು ಬೇಕಾದ ಕೋಣೆಯಲ್ಲಿ ತಂತಿಯ ನೆರವಿಲ್ಲದೆ ಕೇಳುವ ಪದ್ಧತಿಯು ಇಪ್ಪತ್ತೊಂದನೆಯ ಶತಮಾನದ ಮೊದಲ ಐದಾರು ವರ್ಷಗಳಲ್ಲಿ ರೂಪುಗೊಂಡಿತು. ಇಷ್ಟು ಅರ್ವಾಚೀನವಾದ ವಸ್ತುವಿಗೆ ಇತಿಹಾಸವೆಂಬುದುಂಟೇ ಎಂದು ಕೆಲವರು ಶಂಕಿಸಬಹುದು. ಸಮಾಧಾನವು ಕಷ್ಟವಲ್ಲ. ಈ ಪದ್ಧತಿಗೆ ಮೂರು ಅಂಗಗಳು: ಗೀತವನ್ನು ಕಾಯ್ದಿಡುವ ಭಂಡಾರ, ಅದನ್ನು ಒಯ್ಯುವ ವಾಹಕ, ಅದನ್ನು ಕಿವಿಗೊಪ್ಪಿಸುವ ಧ್ವನಿವರ್ಧಕ. ಇವು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ದೇಶಗಳಲ್ಲಿ ಹುಟ್ಟಿ, ಸುಮಾರು ನೂರಿಪ್ಪತ್ತು ವರ್ಷಗಳ ಕಾಲ ಒಂದೆಡೆ ಸೇರದೆ ಇದ್ದುವು. ಅವು ಸೇರಿದ ಬಗೆಯೂ, ಸೇರಿದ ಮೇಲೆ ಭಂಡಾರದ ಒಡೆತನವು ಯಾರಲ್ಲಿ ನಿಂತಿತೆಂಬ ವಿವಾದವೂ ಇಲ್ಲಿ ವಿಚಾರಣೀಯವಾದುವು. ಎರಡನೆಯದೇ ಮುಖ್ಯವಾದುದು; ಆದರೆ ಮೊದಲನೆಯದನ್ನರಿಯದೆ ಅದು ಬುದ್ಧಿಗೆ ಹತ್ತುವುದಿಲ್ಲ.

ಮೊದಲೊಂದು ವಿವೇಚನೆಯು ಅವಶ್ಯ. ತಿಂಗಳಿಗಿಷ್ಟೆಂದು ಹಣ ತೆತ್ತು ದೂರದ ಸಂಸ್ಥೆಯೊಂದರ ಭಂಡಾರದಿಂದ ಗೀತಗಳನ್ನು ತರಿಸಿಕೊಂಡು ಕೇಳುವುದನ್ನೂ, ತನ್ನ ಮನೆಯ ಭಂಡಾರದಿಂದಲೇ ಹರಿಸಿಕೊಂಡು ಕೇಳುವುದನ್ನೂ ಜನರು ‘ಸ್ಟ್ರೀಮಿಂಗ್’ ಎಂಬ ಒಂದೇ ಶಬ್ದದಿಂದ ವ್ಯವಹರಿಸುವರು. ಒಂದೇ ಹೆಸರಿದ್ದ ಮಾತ್ರಕ್ಕೆ ವಸ್ತುವು ಒಂದಾಗದು. ನದಿಯಿಂದ ಕಾಲುವೆ ತೋಡಿ ನೀರು ತರುವವನೂ ಹಿತ್ತಿಲ ಬಾವಿಯಿಂದ ಸೇದಿ ತೊಟ್ಟಿಗೆ ಹರಿಸುವವನೂ ನೀರನ್ನೇ ಹರಿಸುವರು. ಆದರೆ ಬೇಸಗೆಯಲ್ಲಿ ಇಬ್ಬರ ಸ್ಥಿತಿಯೂ ಒಂದೇ ಆಗಿರುವುದಿಲ್ಲ. ಪ್ರಕೃತ ಲೇಖನದ ವಿಷಯವು ಬಾವಿಯೇ ಹೊರತು ಕಾಲುವೆಯಲ್ಲ.

ಮೂರಂಗಗಳಲ್ಲಿ ಮೊದಲು ಹುಟ್ಟಿ ಪ್ರಸಿದ್ಧಿಗೆ ಬಂದುದು ವಾಹಕವೇ. ೧೮೮೧ರಲ್ಲಿ ಪ್ಯಾರಿಸ್ ನಗರದಲ್ಲಿ ನೆರೆದ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಆದೆರ್ ಎಂಬ ಫ್ರೆಂಚ್ ಯಂತ್ರಶಿಲ್ಪಿಯು ಒಪೆರಾ ನಾಟಕಶಾಲೆಯ ರಂಗದ ಮುಂದೆ ಟೆಲಿಫೋನ್ ಯಂತ್ರಗಳನ್ನು ಸಾಲಾಗಿ ಇರಿಸಿ, ಅಲ್ಲಿನ ಗಾನವನ್ನು ಪ್ರದರ್ಶನಮಂದಿರದವರೆಗೆ ತಂತಿಯ ಮೂಲಕ ತಂದನು. ಕೇಳುವವನ ಎರಡು ಕಿವಿಗಳಿಗೆ ರಂಗದ ಎರಡು ಬೇರೆ ಬೇರೆ ಸ್ಥಾನಗಳಿಂದ ಧ್ವನಿಯು ಬರುತ್ತಿದ್ದುದರಿಂದ, ನಟನು ಎಡದಿಂದ ಬಲಕ್ಕೆ ನಡೆದುದು ಸಹ ಅನುಭವಕ್ಕೆ ಬರುತ್ತಿದ್ದಿತು. ಈ ಯುಕ್ತಿಯು ೧೮೯೦ರಲ್ಲಿ ‘ತೆಯಾತ್ರೋಫೋನ್’ ಎಂಬ ವಾಣಿಜ್ಯಸಂಸ್ಥೆಯ ರೂಪವನ್ನು ತಾಳಿ ೧೯೩೨ರವರೆಗೆ ನಡೆಯಿತು. ೧೮೯೩ರಲ್ಲಿ ತಿವದರ್ ಪುಷ್ಕಾಷ್ ಎಂಬಾತನು ಹಂಗೆರಿಯ ಬುಡಾಪೆಸ್ಟ್ ನಗರದಲ್ಲಿ ‘ಟೆಲಿಫೋನ್ ಹೀರ್‌ಮೊಂಡೊ’ ಎಂಬ ವ್ಯವಸ್ಥೆಯನ್ನು ಆರಂಭಿಸಿದನು. ಚಂದಾದಾರರ ಮನೆಗಳಿಗೆ ವಾರ್ತೆಯೂ ಸಂಗೀತವೂ ತಂತಿಯಲ್ಲಿ ಬರುತ್ತಿದ್ದುವು. ಆರಂಭಿಸಿದ ಸ್ವಲ್ಪ ದಿನಗಳಲ್ಲಿಯೇ ಆತನು ಗತಿಸಿದರೂ ಸಂಸ್ಥೆಯು ಬಹುಕಾಲ ಬಾಳಿತು. ಅಮೆರಿಕೆಯ ಥಾಡಿಯಸ್ ಕೇಹಿಲ್ ಎಂಬವನಾದರೋ ಸುಮಾರು ೨೦೦ ಟನ್ ತೂಗುವ ವಿದ್ಯುದ್ವಾದ್ಯವನ್ನೇ ನಿರ್ಮಿಸಿ ೧೯೦೬ರಲ್ಲಿ ನ್ಯೂಯಾರ್ಕಿನಲ್ಲಿ ಅದರ ನಾದವನ್ನು ಟೆಲಿಫೋನ್ ತಂತಿಗಳಲ್ಲಿ ಹರಿಸಿದನು. ಆ ನಾದವು ಅನ್ಯರ ಸಂಭಾಷಣೆಗಳಲ್ಲಿಯೂ ನುಗ್ಗುತ್ತಿದ್ದಿತೆಂದು ದೂರುಗಳು ಹುಟ್ಟಿದುವು. ಇವೆಲ್ಲದರಲ್ಲಿಯೂ ಗಾನವು ಆಗಿಂದಾಗಲೇ ಹುಟ್ಟಿ ಆಗಿಂದಾಗಲೇ ಕೇಳಿ ಮುಗಿಯುತ್ತಿದ್ದಿತು. ವಾಹಕವಿದ್ದಿತು, ಭಂಡಾರವಿರಲಿಲ್ಲ.

ಭಂಡಾರವನ್ನು ಕೊಟ್ಟುದು ಎಡಿಸನ್ನನ ಫೋನೋಗ್ರಾಫ್ (೧೮೭೭), ಅದಕ್ಕಿಂತಲೂ ಹೆಚ್ಚಾಗಿ ಬರ್ಲಿನರನ ಗ್ರಾಮಾಫೋನ್ (೧೮೮೭). ಭರತಖಂಡದಲ್ಲಿ ೧೯೦೨ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತನು ಗೌಹರ್ ಜಾನ್ ಮುಂತಾದವರ ಗಾನವನ್ನು ಮುದ್ರಿಸಿಕೊಂಡುದು ಪ್ರಸಿದ್ಧವಾದ ಸಂಗತಿ. ಆಕೆಯು ಗಾನದ ಕೊನೆಗೆ ತನ್ನ ಹೆಸರನ್ನು ತಾನೇ ಉಚ್ಚರಿಸುತ್ತಿದ್ದಳು. ದೂರದೇಶದಲ್ಲಿ ತಟ್ಟೆಯನ್ನು ಅಚ್ಚುಮಾಡುವವರಿಗೆ ಗಾಯಕಿ ಯಾರೆಂದು ತಿಳಿಯಲೆಂದು ಹೀಗೆ ಮಾಡುತ್ತಿದ್ದರೆಂದು ಸಾಮಾನ್ಯವಾಗಿ ಹೇಳುವರು. ಗೀತದೊಳಗೇ ಗೀತದ ವಿವರವನ್ನು ಸೇರಿಸಿ ಕಳುಹಿಸುವ ಈ ಕ್ರಮವು ಮುಂದೆ ಇನ್ನೊಂದು ರೂಪದಲ್ಲಿ ಕಾಣಬರುವುದು.

ಗ್ರಾಮಾಫೋನ್ ತಟ್ಟೆಯು ಮೂರು ನಿಮಿಷಗಳ ಭಂಡಾರವೇ ಸರಿ, ಆದರೂ ಭಂಡಾರವೇ. ಅದಕ್ಕೆ ಇಲ್ಲದುದು ವಾಹಕ. ಯಂತ್ರವಿದ್ದ ಕೋಣೆಯಲ್ಲಿಯೇ ಗಾನ. ಇದನ್ನು ಮೀರಲು ಐಶ್ವರ್ಯವೊಂದೇ ಉಪಾಯವಾಗಿದ್ದ ಕಾಲದ ಉತ್ತಮ ನಿದರ್ಶನವು ಮೈಸೂರಿನದೇ ಆಗಿದೆ. ಶ್ರೀ ಜಯಚಾಮರಾಜೇಂದ್ರ ಒಡೆಯರವರು ಶ್ರೀವಿದ್ಯಾಂಕಿತದಿಂದ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂಬುದು ಕನ್ನಡಿಗರಿಗೆಲ್ಲ ವಿದಿತವೇ. ಪಾಶ್ಚಾತ್ಯಸಂಗೀತದಲ್ಲಿಯೂ ಅವರು ಅಷ್ಟೇ ಆಳವಾದ ಪರಿಶ್ರಮವುಳ್ಳವರು. ಅವರ ಪೋಷಣೆಯಿಂದಲೇ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ವಾಗ್ಗೇಯಕಾರನ ಕೃತಿಗಳು ಲಂಡನ್ನಿನಲ್ಲಿ ಧ್ವನಿಮುದ್ರಿತವಾದುವು. ಆತನು ತನ್ನ ಮೂರನೆಯ ಪಿಯಾನೊ ಕಂಚರ್ಟೊವನ್ನು ಮಹಾರಾಜರಿಗೆ ಅರ್ಪಿಸಿದನು. ೧೯೪೮ರಲ್ಲಿ ಅವರು ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಪ್ರಥಮಾಧ್ಯಕ್ಷರಾದರು. ಅವರಲ್ಲಿಗೆ ಬಂದಿದ್ದ ವಾಲ್ಟರ್ ಲೆಗ್ ಎಂಬ ಧ್ವನಿಮುದ್ರಣಾಧಿಕಾರಿಯು, ಅರಮನೆಯೊಂದರಲ್ಲಿ ತಾನು ಕಂಡ ಗ್ರಾಮಾಫೋನ್ ತಟ್ಟೆಗಳ ವಿಪುಲಸಂಗ್ರಹವನ್ನೂ ಬಗೆಬಗೆಯ ಧ್ವನಿವರ್ಧಕಗಳನ್ನೂ ದೊಡ್ಡ ಪಿಯಾನೊಗಳನ್ನೂ ವಿಸ್ಮಯದಿಂದ ಸ್ಮರಿಸಿದ್ದಾನೆ. ಸ್ವಂತ ಭಂಡಾರ, ಸ್ವಂತ ಧ್ವನಿವರ್ಧಕ, ಸ್ವಂತ ಅಭಿರುಚಿ ಎಂಬ ಮೂರೂ ಕೂಡಿದ ಗೃಹಸಂಗೀತವು ಆಗ ರಾಜರಿಗೆ ಸಾಧ್ಯವಾಗಿದ್ದಿತು.

ಅದೇ ಮೈಸೂರಿನಲ್ಲಿ, ೧೯೩೫ರಲ್ಲಿ, ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಚಿಕ್ಕ ಪ್ರಸಾರಯಂತ್ರವನ್ನು ಹೂಡಿ ನಿಸ್ತಂತು ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬುದು ಆ ಕೇಂದ್ರಕ್ಕೆ ಇಟ್ಟ ಹೆಸರು. ಕಾಲಾಂತರದಲ್ಲಿ ಸಮಸ್ತ ಭಾರತದ ಪ್ರಸಾರಸಂಸ್ಥೆಯೇ ಅದನ್ನು ಸ್ವೀಕರಿಸಿತು. ಒಬ್ಬ ಗೃಹಸ್ಥನ ಮನೆಯಿಂದ ತಂತಿಯಿಲ್ಲದೆ ಗಾನವು ಹೊರಟುದಕ್ಕೆ ಕನ್ನಡನಾಡಿನಲ್ಲಿ ಇದು ಆದಿ. ಆದರೆ ಅಲ್ಲಿ ಗಾನವು ಮನೆಯಿಂದ ಊರಿಗೆ ಹೋಗುತ್ತಿದ್ದಿತು. ಒಂದೇ ಮನೆಯೊಳಗೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗಲು ಇನ್ನೂ ಎಪ್ಪತ್ತು ವರ್ಷಗಳು ಬೇಕಾದುವು. ದೂರವು ಕಡಮೆಯಾದಂತೆ ಕಾರ್ಯವು ಸುಲಭವಾಗಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

‘ಆಕಾಶವಾಣಿ’ ಎಂಬ ಹೆಸರಿನ ಸೊಗಸಿಗೆ ಮನಸೋತು, ಪ್ರಾಚೀನರಿಗೆ ಈ ನಿಸ್ತಂತುವಿದ್ಯೆಯು ತಿಳಿದಿದ್ದಿತೆಂದು ಹೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಶಬ್ದವು ಆಕಾಶದ ಗುಣವೆಂದೂ, ಅದು ವೀಚೀತರಂಗನ್ಯಾಯದಿಂದಲೋ ಕದಂಬಮುಕುಲನ್ಯಾಯದಿಂದಲೋ ಉತ್ತರೋತ್ತರ ಶಬ್ದಗಳನ್ನು ಹುಟ್ಟಿಸುತ್ತ ಕಿವಿಯನ್ನು ಮುಟ್ಟುವುದೆಂದೂ ವೈಶೇಷಿಕರು ಹೇಳಿದುದು ನಿಜ. ಆದರೆ ಅವರು ವಿಚಾರಿಸಿದುದು ಶ್ರವಣದ ಕ್ರಮವನ್ನು. ನಿಸ್ತಂತು ಯಂತ್ರದಲ್ಲಿ ಸಂಚರಿಸುವುದು ಶಬ್ದವೇ ಅಲ್ಲ, ವಿದ್ಯುತ್ಕಾಂತತರಂಗ. ಅದೂ ಇಪ್ಪತ್ತೊಂದನೆಯ ಶತಮಾನದ ಗೃಹಯಂತ್ರಗಳಲ್ಲಿ ಆ ತರಂಗವು ಹೊತ್ತು ತರುವುದು ಶಬ್ದದ ಆಕಾರವನ್ನಲ್ಲ, ಸಂಖ್ಯೆಗಳನ್ನು. ಶಬ್ದವು ಪುನಃ ಹುಟ್ಟುವುದು ಧ್ವನಿವರ್ಧಕದಲ್ಲಿ. ಅಲ್ಲಿಂದ ಕಿವಿಯವರೆಗಿನ ನಾಲ್ಕು ಮೊಳದ ದಾರಿಯಲ್ಲಿ ಮಾತ್ರ ವೈಶೇಷಿಕರ ವಿಚಾರಕ್ಕೆ ಅವಕಾಶ. ಶಾಸ್ತ್ರಕ್ಕೆ ಸಲ್ಲದ ಕೀರ್ತಿಯನ್ನು ತಂದು ಹೊರಿಸುವುದು ಶಾಸ್ತ್ರಭಕ್ತಿಯಲ್ಲ.

ನಾದವನ್ನು ಸಂಖ್ಯೆಯನ್ನಾಗಿ ಮಾಡುವ ವಿಧಾನವನ್ನು ೧೯೩೭ರಲ್ಲಿ ಅಲೆಕ್ ರೀವ್ಸ್ ಎಂಬ ಆಂಗ್ಲ ಯಂತ್ರಶಿಲ್ಪಿಯು ಪ್ಯಾರಿಸ್ಸಿನಲ್ಲಿದ್ದಾಗ ಕಂಡುಹಿಡಿದನು. ಅದು ಗೃಹಸ್ಥರ ಕೈಗೆ ಬಂದುದು ೧೯೮೨ರಲ್ಲಿ, ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳ ಸಿ.ಡಿ. ತಟ್ಟೆಯ ರೂಪದಲ್ಲಿ. ಅದರಲ್ಲಿ ಒಂದೊಂದು ವಾಹಿನಿಯ ನಾದವನ್ನು ಸೆಕೆಂಡಿಗೆ ೪೪,೧೦೦ ಸಲ ಅಳೆದು, ಒಂದೊಂದು ಅಳತೆಯನ್ನೂ ೧೬ ಬಿಟ್‌ಗಳಲ್ಲಿ ಬರೆಯುವರು. ಎಡಬಲಗಳೆರಡೂ ಸೇರಿ ಸೆಕೆಂಡಿಗೆ ೧೪,೧೧,೨೦೦ ಬಿಟ್‌ಗಳಾಗುವುವು; ಒಂದು ಗಂಟೆಯ ಕಚೇರಿಗೆ ಸುಮಾರು ೬೩೫ ಮೆಗಾಬೈಟ್. ೧೯೮೨ರ ಗೃಹಗಣಕಯಂತ್ರಕ್ಕೆ ಇದು ಊಹಿಸಲಾಗದ ಭಾರ.

ಭಾರವನ್ನು ಇಳಿಸುವ ಉಪಾಯಗಳು ಎರಡು ಬಗೆಯವು. ಒಂದು, ಕಿವಿಗೆ ಕೇಳಿಸದೆಂದು ತರ್ಕಿಸಿದ ಅಂಶವನ್ನು ಬಿಟ್ಟುಬಿಡುವುದು. ಇನ್ನೊಂದು, ಯಾವುದನ್ನೂ ಬಿಡದೆ ಸಂಕ್ಷೇಪಿಸಿ ಬರೆಯುವುದು. ಮೊದಲನೆಯದರ ಪ್ರಸಿದ್ಧ ರೂಪವು ಜರ್ಮನಿಯ ಎರ್ಲಾಂಗೆನ್ನಿನ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಟ್ಸ್ ಬ್ರಾಂಡೆನ್‌ಬರ್ಗ್ ಮುಂತಾದವರು ಬೆಳೆಸಿದ ಎಂಪಿ೩. ಆ ಹೆಸರಿನ ಬಾಲಾಕ್ಷರಗಳು ೧೯೯೫ರ ಜುಲೈಯಲ್ಲಿ ನಿಶ್ಚಿತವಾದುವು. ಸುಝಾನ್ ವೇಗ ಎಂಬ ಗಾಯಕಿಯ ವಾದ್ಯರಹಿತವಾದ ಒಂದು ಹಾಡಿನ ಮೇಲೆ ಪ್ರಯೋಗಿಸಿ ಪ್ರಯೋಗಿಸಿ ಆ ವಿಧಾನವನ್ನು ತಿದ್ದಿದರು. ಬರಿಯ ಕಂಠದಲ್ಲಿಯೇ ದೋಷವು ಬೇಗ ಬಯಲಾಗುವುದು. ಎರಡನೆಯದರ ಉತ್ತಮ ರೂಪವು ಜಾಷ್ ಕೋಲ್ಸನ್ ಎಂಬಾತನು ೨೦೦೧ರಲ್ಲಿ ಲೋಕಕ್ಕೆ ಉಚಿತವಾಗಿ ಕೊಟ್ಟ ಫ್ಲ್ಯಾಕ್. ಇದರಲ್ಲಿ ಗೀತವು ಮೂಲದ ಅರ್ಧಕ್ಕೋ ಅದಕ್ಕಿಂತ ತುಸು ಹೆಚ್ಚಿಗೋ ಇಳಿದರೂ, ಬಿಚ್ಚಿದಾಗ ಒಂದು ಬಿಟ್ಟೂ ವ್ಯತ್ಯಾಸವಾಗದೆ ಹಿಂದಿನಂತೆಯೇ ದೊರೆಯುವುದು. ದೊರೆತುದು ಇಟ್ಟುದೇ ಹೌದೆಂದು ಪರೀಕ್ಷಿಸಲು ಕಡತದ ಶಿರೋಭಾಗದಲ್ಲಿಯೇ ಒಂದು ಗಣಿತಮುದ್ರೆಯನ್ನು ಬರೆದಿರುವರು. ವೇದಪಾಠದಲ್ಲಿ ಪದ, ಕ್ರಮ, ಜಟೆ, ಘನ ಎಂದು ಒಂದೇ ವಾಕ್ಯವನ್ನು ಬೇರೆ ಬೇರೆ ಬಗೆಯಲ್ಲಿ ಹೆಣೆದು ಹೇಳುವುದರ ಪ್ರಯೋಜನಗಳಲ್ಲಿ, ಅಕ್ಷರವೊಂದು ಜಾರಿದರೂ ಅದು ಸಿಕ್ಕಿಬೀಳುವಂತೆ ಮಾಡುವುದೂ ಒಂದು. ವಿಧಾನಗಳು ಬೇರೆ, ಭಯವು ಒಂದೇ.

ಹೀಗೆ ೨೦೦೧ರ ಹೊತ್ತಿಗೆ ಭಂಡಾರವು ಸಿದ್ಧವಾಯಿತು. ಇನ್ನು ವಾಹಕ. ನಿಸ್ತಂತು ತರಂಗಗಳನ್ನು ಹೊರಡಿಸಲು ಎಲ್ಲ ದೇಶಗಳಲ್ಲಿಯೂ ಸರ್ಕಾರದ ಅಪ್ಪಣೆಯು ಬೇಕಾಗಿದ್ದಿತು. ೧೯೮೫ರಲ್ಲಿ ಅಮೆರಿಕೆಯ ಸರ್ಕಾರವು ಕೆಲವು ತರಂಗಪಟ್ಟಿಗಳಲ್ಲಿ, ಅವುಗಳಲ್ಲಿ ೨.೪ ಗಿಗಾಹರ್ಟ್ಸ್ ಒಂದು, ವಿಸ್ತೃತತರಂಗವಿಧಾನವನ್ನು ಬಳಸುವ ಅಲ್ಪಶಕ್ತಿಯ ಯಂತ್ರಗಳಿಗೆ ಪರವಾನಗಿಯಿಂದ ವಿನಾಯಿತಿ ಕೊಟ್ಟಿತು. ಮೈಕ್ರೋವೇವ್ ಒಲೆಗಳು ಆ ಪಟ್ಟಿಯನ್ನು ಮೊದಲೇ ಆಕ್ರಮಿಸಿದ್ದುದರಿಂದ ಅದು ಯಾರಿಗೂ ಬೇಡವಾದ ಬೀಳುಭೂಮಿಯಂತಿದ್ದಿತು. ಆ ಬೀಳಿನಲ್ಲಿಯೇ ೧೯೯೭ರಲ್ಲಿ ವೈಫೈಯ ಮೊದಲ ಪ್ರಮಾಣವೂ, ೧೯೯೯ರಲ್ಲಿ ಸೆಕೆಂಡಿಗೆ ೧೧ ಮೆಗಾಬಿಟ್ ಒಯ್ಯುವ ಎರಡನೆಯ ರೂಪವೂ ಬೆಳೆದುವು. ಸಿ.ಡಿ.ಯ ಪ್ರವಾಹಕ್ಕೆ ಬೇಕಾದುದು ಒಂದೂವರೆ ಮೆಗಾಬಿಟ್‌ಗಿಂತ ಕಡಮೆ. ಎಂದರೆ ದಾರಿಯು ಸಾಕಷ್ಟು ಅಗಲವಾಯಿತು. ಭಾರತ ಸರ್ಕಾರವು ೨೦೦೫ರಲ್ಲಿ ಈ ಪಟ್ಟಿಯ ಅಲ್ಪಶಕ್ತಿಯ ಯಂತ್ರಗಳನ್ನು ಪರವಾನಗಿಯಿಂದ ಬಿಡುಗಡೆ ಮಾಡಿತು. ಬೆಂಗಳೂರಿನ ಮನೆಗಳಿಗೂ ಸ್ಯಾಂಟ ಬಾರ್ಬರದ ಮನೆಗಳಿಗೂ ಈ ವಿಷಯದಲ್ಲಿ ಇದ್ದ ಅಂತರವು ಯಂತ್ರಕೌಶಲದ್ದಷ್ಟೇ ಅಲ್ಲ, ರಾಜಾಜ್ಞೆಯದೂ ಹೌದು.

ಇಲ್ಲಿ ಒಂದು ಐತಿಹ್ಯವನ್ನು ಪರಿಶೋಧಿಸಬೇಕಾಗಿದೆ. ಹೆಡಿ ಲಮಾರ್ ಎಂಬ ಚಲಚ್ಚಿತ್ರನಟಿಯೂ ಜಾರ್ಜ್ ಆಂಥೈಲ್ ಎಂಬ ಸಂಗೀತಕಾರನೂ ಕೂಡಿ, ಶತ್ರುಗಳು ತಡೆಯಲಾಗದಂತೆ ತರಂಗದಿಂದ ತರಂಗಕ್ಕೆ ನೆಗೆಯುತ್ತ ಹೋಗುವ ಒಂದು ನಿಸ್ತಂತುವಿಧಾನಕ್ಕೆ ೧೯೪೨ರ ಆಗಸ್ಟಿನಲ್ಲಿ ಪೇಟೆಂಟನ್ನು ಪಡೆದರು. ನೆಗೆತವನ್ನು ಎರಡು ಕಡೆಯೂ ಏಕಕಾಲದಲ್ಲಿ ನಡೆಸಲು ಅವರು ಸೂಚಿಸಿದುದು ಸ್ವಯಂವಾದಕ ಪಿಯಾನೊದ ರಂಧ್ರಪತ್ರಗಳನ್ನು. ಪಿಯಾನೊದ ಮನೆಗಳಷ್ಟೇ, ಎಂದರೆ ೮೮, ತರಂಗಗಳು. ಇದರಿಂದಲೇ ವೈಫೈ ಹುಟ್ಟಿತೆಂದು ಜನಪ್ರಿಯಗ್ರಂಥಗಳು ಹೇಳುವುದು ಅತ್ಯುಕ್ತಿ. ೧೯೯೯ರ ವೈಫೈಯು ನೆಗೆಯುವುದೇ ಇಲ್ಲ, ನೆಗೆಯುವುದು ಬ್ಲೂಟೂತ್. ಸಂಗೀತಕಾರನ ಬುದ್ಧಿಯು ನಿಸ್ತಂತುಶಾಸ್ತ್ರಕ್ಕೆ ಒದಗಿದ ಸುಂದರ ದೃಷ್ಟಾಂತವೆಂದು ಅದನ್ನು ಸ್ಮರಿಸಿದರೆ ಸಾಕು.

ಬ್ಲೂಟೂತ್ ಎಂಬುದು ಹತ್ತನೆಯ ಶತಮಾನದ ಡೆನ್ಮಾರ್ಕಿನ ಹೆರಾಲ್ಡ್ ಎಂಬ ದೊರೆಯ ಬಿರುದು. ೧೯೯೮ರಲ್ಲಿ ಸ್ಥಾಪಿತವಾದ ಯಂತ್ರಸಂಘವು ಅದನ್ನು ತನ್ನ ಹೆಸರಾಗಿ ಇಟ್ಟುಕೊಂಡಿತು. ಇದೂ ಗಾನವನ್ನು ಒಯ್ಯುವುದು. ಜನಸಾಮಾನ್ಯರಲ್ಲಿ ಹೆಚ್ಚು ಬಳಕೆಯಲ್ಲಿರುವುದೂ ಇದೇ. ಆದರೆ ಇಲ್ಲಿ ಫೋನು ತಾನೇ ಗಾನವನ್ನು ಹೊತ್ತು ಧ್ವನಿವರ್ಧಕಕ್ಕೆ ಒಪ್ಪಿಸಬೇಕು. ಫೋನು ಹಿಡಿದವನು ಹೊರಗೆ ಹೋದರೆ ಗಾನವೂ ಹೋಯಿತು, ಯಾರಾದರೂ ಕರೆದರೆ ಪಲ್ಲವಿಯು ನಡುವೆಯೇ ನಿಂತಿತು. ಮನೆಯ ಜಾಲದ ಪದ್ಧತಿಯಲ್ಲಿ ಫೋನು ಅಪ್ಪಣೆ ಮಾಡುವ ಯಜಮಾನನಷ್ಟೇ. ಹೊರುವ ಕೆಲಸವು ಭಂಡಾರಕ್ಕೂ ಧ್ವನಿವರ್ಧಕಕ್ಕೂ ಸೇರಿದುದು.

ಈ ಪದ್ಧತಿಯನ್ನು ಗೃಹಸ್ಥರಿಗೆ ಮೊದಲು ಸಮರ್ಪಕವಾಗಿ ಕೊಟ್ಟವರಲ್ಲಿ ಸ್ಲಿಮ್ ಡಿವೈಸಸ್ ಎಂಬ ಚಿಕ್ಕ ಸಂಸ್ಥೆಯು ಅಗ್ರಗಣ್ಯ. ಷಾನ್ ಆಡಮ್ಸ್ ಎಂಬ ತರುಣನು ೨೦೦೧ರಲ್ಲಿ ‘ಸ್ಲಿಂಪಿ೩’ ಎಂಬ ಯಂತ್ರವನ್ನು ಮಾರಲಾರಂಭಿಸಿದನು. ಅದಕ್ಕೆ ತಂತಿಯ ಸಂಪರ್ಕವೇ ಇದ್ದಿತು. ೨೦೦೩ರಲ್ಲಿ ಬಂದ ‘ಸ್ಕ್ವೀಜ್‌ಬಾಕ್ಸ್’ ತಂತಿಯನ್ನು ಕಳಚಿತು. ಈ ಯಂತ್ರದಲ್ಲಿ ಬುದ್ಧಿಯು ಬಹಳ ಸ್ವಲ್ಪ. ಗೀತಗಳ ಪಟ್ಟಿಯನ್ನು ಮಾಡುವುದು, ಆರಿಸುವುದು, ಕಳುಹಿಸುವುದು, ಇವೆಲ್ಲವೂ ಮನೆಯ ಗಣಕಯಂತ್ರದಲ್ಲಿರುವ ಸರ್ವರ್ ತಂತ್ರಾಂಶದ ಕೆಲಸ. ಪೆಟ್ಟಿಗೆಯು ಬಂದ ಸಂಖ್ಯೆಗಳನ್ನು ನಾದವಾಗಿಸಿ ಹೊರಗಿಡುವ ದ್ವಾರಮಾತ್ರ. ತಂತ್ರಾಂಶವನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದಂತೆ ಬಹಿರಂಗವಾಗಿ ಪ್ರಕಟಿಸಿದ್ದರು. ಈ ಎರಡು ಲಕ್ಷಣಗಳ ಫಲವು ಹತ್ತಾರು ವರ್ಷಗಳ ಮೇಲೆ ತಿಳಿದುಬಂದಿತು.

೨೦೦೪ರಲ್ಲಿ ಆಪಲ್ ಸಂಸ್ಥೆಯು ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಎಂಬ ಚಿಕ್ಕ ಯಂತ್ರವನ್ನು ಹೊರತಂದಿತು. ಗೋಡೆಯ ವಿದ್ಯುತ್ಸ್ಥಾನಕ್ಕೆ ಸಿಕ್ಕಿಸಿ ಹಳೆಯ ಧ್ವನಿವರ್ಧಕಕ್ಕೆ ಜೋಡಿಸಿದರೆ ಗಣಕಯಂತ್ರದ ಗಾನವು ಅಲ್ಲಿ ಕೇಳುತ್ತಿದ್ದಿತು. ೨೦೦೫ರ ಜನವರಿಯಲ್ಲಿ ಸ್ಯಾಂಟ ಬಾರ್ಬರದ ಸೋನೋಸ್ ಸಂಸ್ಥೆಯ ಯಂತ್ರಗಳು ಗಿರಾಕಿಗಳಿಗೆ ಮುಟ್ಟಿದುವು. ಇವು ತಮ್ಮತಮ್ಮೊಳಗೇ ನಿಸ್ತಂತು ಜಾಲವನ್ನು ಹೆಣೆದುಕೊಂಡು ಒಂದರಿಂದೊಂದಕ್ಕೆ ಗಾನವನ್ನು ದಾಟಿಸುತ್ತಿದ್ದುವು. ಸೋನಿ, ಇಂಟೆಲ್ ಮೊದಲಾದ ದೊಡ್ಡ ಸಂಸ್ಥೆಗಳು ೨೦೦೩ರಲ್ಲಿಯೇ ಕೂಡಿ, ಎಲ್ಲರ ಯಂತ್ರಗಳೂ ಪರಸ್ಪರ ಮಾತಾಡುವಂತೆ ಡಿ.ಎಲ್.ಎನ್.ಎ. ಎಂಬ ಸಾಮಾನ್ಯ ನಿಯಮವನ್ನು ಕಟ್ಟಲು ಹೊರಟಿದ್ದುವು. ಆ ಒಕ್ಕೂಟವು ೨೦೧೭ರಲ್ಲಿ ವಿಸರ್ಜಿತವಾಯಿತು, ನಿಯಮವು ಮಾತ್ರ ಯಂತ್ರಗಳಲ್ಲಿ ಉಳಿದುಕೊಂಡಿತು.

ಇವರೆಲ್ಲರಿಗೂ ಎದುರಾದ ನಿಜವಾದ ಕಷ್ಟವು ತಂತಿಯಿಲ್ಲದಿರುವುದಲ್ಲ, ಕಾಲಪ್ರಮಾಣ. ವೈಫೈಯಲ್ಲಿ ಸಂಖ್ಯೆಗಳು ಪೊಟ್ಟಣ ಪೊಟ್ಟಣವಾಗಿ, ಕೆಲವು ಬೇಗ, ಕೆಲವು ತಡವಾಗಿ, ಕೆಲವು ಕಳೆದುಹೋಗಿ ಪುನಃ ಕಳುಹಿಸಲ್ಪಟ್ಟು ಬರುವುವು. ಗಾನವು ಕಾಯುವುದಿಲ್ಲ. ಆದುದರಿಂದ ಪ್ರತಿಯೊಂದು ಯಂತ್ರದಲ್ಲಿಯೂ ಒಂದು ಸ್ಮೃತಿಯ ತೊಟ್ಟಿಯಿರುವುದು. ಬರುವ ನೀರು ಏರಿಳಿದರೂ ತೂಬಿನಿಂದ ಹೊರಡುವ ಧಾರೆಯು ಒಂದೇ ಸಮನಾಗಿರುವುದು. ಒಂದೇ ಕೋಣೆಯಾದರೆ ಇಷ್ಟು ಸಾಕು. ನಡುಮನೆಯಲ್ಲಿಯೂ ಅಡುಗೆಮನೆಯಲ್ಲಿಯೂ ಒಂದೇ ಗಾನವು ಕೇಳಬೇಕಾದರೆ ಎರಡು ತೊಟ್ಟಿಗಳ ತೂಬುಗಳು ಒಂದೇ ಕ್ಷಣದಲ್ಲಿ ತೆರೆಯಬೇಕು, ತೆರೆದ ಮೇಲೆ ಒಂದೇ ವೇಗದಲ್ಲಿ ಹರಿಯಬೇಕು. ಎರಡನೆಯದೇ ದುಸ್ಸಾಧ್ಯ. ಯಂತ್ರದ ಗಡಿಯಾರವು ಸ್ಫಟಿಕಶಿಲೆಯ ಕಂಪನದಿಂದ ನಡೆಯುವುದು. ಎರಡು ಸ್ಫಟಿಕಗಳಲ್ಲಿ ಹತ್ತು ಲಕ್ಷಕ್ಕೆ ಐವತ್ತರಷ್ಟು ಅಂತರವಿದ್ದರೆ ಒಂದು ಗಂಟೆಯಲ್ಲಿ ಸೆಕೆಂಡಿನ ನೂರರಲ್ಲಿ ಹದಿನೆಂಟು ಪಾಲು ಹಿಂದುಮುಂದಾಗುವುದು. ಅಷ್ಟರಲ್ಲಿ ಮೃದಂಗದ ಒಂದು ಘಾತವು ಎರಡಾಗಿ ಕೇಳಿ ತನಿಯಾವರ್ತನವೇ ಕೆಡುವುದು. ೧೯೪೯ರಲ್ಲಿ ಜರ್ಮನಿಯ ಹೆಲ್ಮುಟ್ ಹಾಸ್ ಎಂಬ ವಿದ್ವಾಂಸನು ತನ್ನ ಪ್ರಬಂಧದಲ್ಲಿ ತೋರಿಸಿದಂತೆ, ಒಂದೇ ಧ್ವನಿಯು ಸೆಕೆಂಡಿನ ಸಾವಿರದ ಮೂವತ್ತು ಪಾಲಿನಷ್ಟು ತಡವಾಗಿ ಇನ್ನೊಂದೆಡೆಯಿಂದ ಬಂದರೂ ಕಿವಿಯು ಎರಡನ್ನೂ ಒಂದಾಗಿಯೇ ಗ್ರಹಿಸುವುದು. ಆಮೇಲೆ ಪ್ರತಿಧ್ವನಿಯು ಬೇರೆಯಾಗತೊಡಗುವುದು. ಗಾಳಿಯಲ್ಲಿ ಧ್ವನಿಯು ಒಂದು ಮೀಟರು ನಡೆಯಲು ಸಾವಿರದ ಮೂರು ಪಾಲು ಬೇಕು. ಎಂದರೆ ಹತ್ತು ಮೀಟರು ದೂರದ ಕೋಣೆಯು ಸಹಜವಾಗಿಯೇ ಅಷ್ಟು ಹಿಂದಿರುವುದು, ಇದಕ್ಕೆ ಕಿವಿಯು ಒಗ್ಗಿದೆ. ಎಡಬಲಗಳೆಂದು ಜೋಡಿಯಾಗಿಟ್ಟ ಧ್ವನಿವರ್ಧಕಗಳಿಗಾದರೋ ಈ ಸಲಿಗೆಯಿಲ್ಲ. ಅಲ್ಲಿ ಸಾವಿರದ ಒಂದು ಪಾಲೂ ಅತಿಯಾಯಿತು, ಗಾಯಕನು ತನ್ನ ಸ್ಥಾನವನ್ನು ಬಿಟ್ಟು ಒಂದು ಪಕ್ಕಕ್ಕೆ ಸರಿದಂತೆ ತೋರುವನು. ಯಂತ್ರಗಳು ಪದೇ ಪದೇ ತಮ್ಮ ಗಡಿಯಾರಗಳನ್ನು ಹೋಲಿಸಿ ಒಂದೆರಡು ಅಳತೆಗಳನ್ನು ಬಿಟ್ಟೋ ಸೇರಿಸಿಯೋ ಹೆಜ್ಜೆಯನ್ನು ಸರಿಮಾಡಿಕೊಳ್ಳುವುದೇ ಇದಕ್ಕೆ ಪರಿಹಾರ. ತಾಳ ಹಾಕುವ ಶಿಷ್ಯನು ಗುರುವಿನ ಕೈಯನ್ನು ಕಡೆಗಣ್ಣಿನಿಂದ ನೋಡುತ್ತಿರುವಂತೆ.

ಕರ್ಣಾಟಕ ಸಂಗೀತದ ಭಂಡಾರವುಳ್ಳವರಿಗೆ ಇನ್ನೂ ಎರಡು ವಿಘ್ನಗಳು. ಎಂಪಿ೩ ವಿಧಾನವು ಪ್ರತಿ ಕಡತದ ಆದಿಯಲ್ಲಿಯೂ ಅಂತ್ಯದಲ್ಲಿಯೂ ಸ್ವಲ್ಪ ಮೌನವನ್ನು ಸೇರಿಸುವುದು. ರಾಗ, ತಾನ, ಪಲ್ಲವಿಗಳನ್ನು ಬೇರೆ ಬೇರೆ ಕಡತಗಳಾಗಿ ಮುರಿದಿಟ್ಟಿದ್ದರೆ, ತಂಬೂರಿಯ ಶ್ರುತಿಯು ಅಲ್ಲಲ್ಲಿ ತಟಕ್ಕನೆ ಕತ್ತರಿಸಿದಂತಾಗುವುದು. ಪಾಶ್ಚಾತ್ಯರ ಚಿಕ್ಕ ಹಾಡುಗಳಿಗೆ ಇದು ದೋಷವೇ ಅಲ್ಲ. ಶ್ರುತಿಯೇ ತಾಯಿಯೆನ್ನುವವರಿಗೆ ಮಹಾದೋಷ. ಮೌನದ ಅಳತೆಯನ್ನು ಕಡತದಲ್ಲಿ ಬರೆದಿಟ್ಟು ಯಂತ್ರವು ಅದನ್ನು ಕಳೆಯುವಂತೆ ಮಾಡುವ ಉಪಾಯವು ಬಂದಿತಾದರೂ ಎಲ್ಲ ಯಂತ್ರಗಳೂ ಅದನ್ನು ಪಾಲಿಸಲಿಲ್ಲ. ಫ್ಲ್ಯಾಕಿನಲ್ಲಿ ಈ ತೊಡಕಿಲ್ಲ.

ಎರಡನೆಯದು ಸೂಚೀಪತ್ರದ ತೊಡಕು. ೧೯೯೬ರಲ್ಲಿ ಎಂಪಿ೩ ಕಡತದ ಬಾಲಕ್ಕೆ ೧೨೮ ಬೈಟುಗಳ ವಿವರಪಟ್ಟಿಯೊಂದನ್ನು ಅಂಟಿಸುವ ಪದ್ಧತಿಯು ಹುಟ್ಟಿತು. ಗೌಹರ್ ಜಾನಳು ಬಾಯಲ್ಲಿ ಹೇಳುತ್ತಿದ್ದುದನ್ನು ಈಗ ಅಕ್ಷರದಲ್ಲಿ ಬರೆದುದು ಇದು. ಹಾಡಿನ ಹೆಸರಿಗೆ ೩೦ ಬೈಟು, ಗಾಯಕನಿಗೆ ೩೦, ಸಂಪುಟಕ್ಕೆ ೩೦. ಕನ್ನಡದ ಲಿಪಿಸಂಕೇತವೊಂದಕ್ಕೆ ಯು.ಟಿ.ಎಫ್.-೮ ಕ್ರಮದಲ್ಲಿ ಮೂರು ಬೈಟು ಬೇಕು. ಎಂದರೆ ಮೂವತ್ತರಲ್ಲಿ ಹತ್ತೇ ಸಂಕೇತಗಳು. ಅದರೊಳಗೆ ‘ಮುತ್ತುಸ್ವಾಮಿ ದೀಕ್ಷಿತ’ ಎಂಬ ಹೆಸರೂ ಹಿಡಿಸದು. ಅದಿರಲಿ, ರಾಗವನ್ನು ಬರೆಯಲು ಸ್ಥಳವೆಲ್ಲಿ? ತಾಳಕ್ಕೆ? ವಾಗ್ಗೇಯಕಾರನು ಬೇರೆ, ಗಾಯಕನು ಬೇರೆ ಎಂಬ ಭೇದಕ್ಕೆ? ಒಂದೇ ಕೃತಿಯನ್ನು ಹತ್ತು ವಿದ್ವಾಂಸರು ಹಾಡಿರುವ ಭಂಡಾರದಲ್ಲಿ ರಾಗದಿಂದ ಹುಡುಕಲಾರದವನು ಹುಡುಕಿದಂತೆಯೇ ಅಲ್ಲ. ಅನಂತರದ ಪದ್ಧತಿಗಳು ಕಟ್ಟನ್ನು ಸಡಿಲಿಸಿದುವು. ಫ್ಲ್ಯಾಕಿನಲ್ಲಿ ಒಡೆಯನು ತನಗೆ ಬೇಕಾದ ಶೀರ್ಷಿಕೆಗಳನ್ನು ತಾನೇ ಕಲ್ಪಿಸಿಕೊಳ್ಳಬಹುದು. ಶೀರ್ಷಿಕೆಯು ಮಾತ್ರ ರೋಮನ್ ಅಕ್ಷರದಲ್ಲಿಯೇ ಇರಬೇಕೆಂಬ ಕಟ್ಟಳೆಯುಂಟು, ಅದರ ಮುಂದೆ ಬರೆಯುವ ‘ಕಾಂಬೋಧಿ’ ಕನ್ನಡದಲ್ಲಿರಬಹುದು. ತಾಳೆಗರಿಯ ಭಂಡಾರಗಳಿಗೆ ಸೂಚೀಪತ್ರವನ್ನು ಬರೆದವರಿಗೆ ಈ ಶ್ರಮದ ರುಚಿಯು ತಿಳಿದೇ ಇದೆ.

ಇನ್ನು ಒಡೆತನ. ಸ್ವತ್ವವೆಂದರೆ ಯಥೇಷ್ಟವಿನಿಯೋಗಯೋಗ್ಯತೆ, ಎಂದರೆ ತನಗಿಷ್ಟವಾದಂತೆ ಬಳಸಲು ತಕ್ಕುದಾಗಿರುವುದು, ಎಂದು ನಿಬಂಧಕಾರರು ನಿರ್ಣಯಿಸಿದ್ದಾರೆ. ಪೆಟ್ಟಿಗೆಯಲ್ಲಿ ವಸ್ತುವಿದ್ದು ಬೀಗದ ಕೈ ಪರರಲ್ಲಿದ್ದರೆ ಇರುವುದು ಭೋಗವೋ ಸ್ವತ್ವವೋ? ಈ ಪ್ರಶ್ನೆಯು ಇಲ್ಲಿ ಕೇವಲ ಶಾಸ್ತ್ರಾರ್ಥಕ್ಕಾಗಿ ಹುಟ್ಟಿದುದಲ್ಲ.

ಆಪಲ್ ಸಂಸ್ಥೆಯು ತನ್ನ ನಿಸ್ತಂತುಗಾನದ ವಾಹಕಕ್ಕೆ ಗೂಢಲಿಪಿಯ ಬೀಗವನ್ನು ಹಾಕಿದ್ದಿತು. ಅದರ ಅನುಮತಿಯಿಲ್ಲದೆ ಅನ್ಯರ ಯಂತ್ರವು ಆ ಗಾನವನ್ನು ಸ್ವೀಕರಿಸುವಂತಿರಲಿಲ್ಲ. ೨೦೧೧ರಲ್ಲಿ ಒಬ್ಬ ತಂತ್ರಾಂಶಕಾರನು ಏರ್‌ಪೋರ್ಟ್ ಎಕ್ಸ್‌ಪ್ರೆಸ್ಸನ್ನು ಬಿಚ್ಚಿ ಅದರ ಗೂಢಕೀಲಿಯನ್ನು ಹೊರತೆಗೆದು ಪ್ರಕಟಿಸಿಬಿಟ್ಟನು. ಅಂದಿನಿಂದ ಅಗ್ಗದ ಗಣಕಯಂತ್ರಗಳೂ ಆ ಗಾನವನ್ನು ಕೇಳಿಸಬಲ್ಲುವಾದುವು. ನ್ಯಾಯದೃಷ್ಟಿಯಿಂದ ಹೇಳಬೇಕಾದ ಇನ್ನೊಂದು ಮಾತುಂಟು: ಅದೇ ಸಂಸ್ಥೆಯು ೨೦೧೮ರಲ್ಲಿ ಆ ಯಂತ್ರದ ಮಾರಾಟವನ್ನು ನಿಲ್ಲಿಸಿದ ಮೇಲೆಯೂ, ಕೆಲವೇ ತಿಂಗಳುಗಳಲ್ಲಿ, ೨೦೧೨ರ ಮಾದರಿಗೆ ಹೊಸ ವಿಧಾನವಾದ ಏರ್‌ಪ್ಲೇ ೨ನ್ನು ಕೊಟ್ಟಿತು. ಹೀಗೆ ಮಾಡಿದವರು ವಿರಳ.

ಸೋನೋಸ್ ಸಂಸ್ಥೆಯು ೨೦೨೦ರ ಜನವರಿಯಲ್ಲಿ, ತನ್ನ ಅತ್ಯಂತ ಹಳೆಯ ಯಂತ್ರಗಳಿಗೆ ಮೇ ತಿಂಗಳಿನಿಂದ ಹೊಸ ತಂತ್ರಾಂಶವನ್ನು ಕೊಡುವುದಿಲ್ಲವೆಂದು ಪ್ರಕಟಿಸಿತು. ಧ್ವನಿವರ್ಧಕದ ಮರವೂ ಲೋಹವೂ ಮೂವತ್ತು ವರ್ಷ ಬಾಳಬಲ್ಲುವು. ಅದರೊಳಗಿನ ಚಿಕ್ಕ ಗಣಕಯಂತ್ರಕ್ಕೆ ಹದಿನೈದು ವರ್ಷದಲ್ಲಿ ಮುಪ್ಪು ಬಂದಿತು. ಗಿರಾಕಿಗಳ ಕೋಪಕ್ಕೆ ಮಣಿದು ಸಂಸ್ಥೆಯು ಹಳೆಯವುಗಳಿಗೆ ಬೇರೊಂದು ಆಪ್ ಉಳಿಸಿತು. ಅದೇ ಸಂಸ್ಥೆಯು ಗೂಗಲ್ ಸಂಸ್ಥೆಯ ಮೇಲೆ ಹೂಡಿದ ಪೇಟೆಂಟು ವ್ಯಾಜ್ಯದಲ್ಲಿ ಅಮೆರಿಕೆಯ ಅಂತರರಾಷ್ಟ್ರೀಯ ವಾಣಿಜ್ಯ ಆಯೋಗವು ೨೦೨೨ರ ಜನವರಿಯಲ್ಲಿ ಐದು ಪೇಟೆಂಟುಗಳ ಉಲ್ಲಂಘನೆಯಾಗಿದೆಯೆಂದು ತೀರ್ಪಿತ್ತಿತು. ಗೂಗಲ್ ಸಂಸ್ಥೆಯು ಹಲವು ಕೋಣೆಗಳ ಧ್ವನಿಯನ್ನು ಒಂದೇ ಸಲಕ್ಕೆ ಏರಿಳಿಸುವ ಸೌಕರ್ಯವನ್ನು ಜನರ ಯಂತ್ರಗಳಿಂದ ಹಿಂದಕ್ಕೆ ತೆಗೆದುಕೊಂಡಿತು. ವ್ಯಾಜ್ಯವು ಇಬ್ಬರು ವರ್ತಕರದು, ದಂಡವನ್ನು ತೆತ್ತವನು ಮೂರನೆಯವನು. ೨೦೨೪ರ ಮೇ ತಿಂಗಳಿನಲ್ಲಿ ಸೋನೋಸ್ ಹೊರತಂದ ಹೊಸ ಆಪ್‌ನಲ್ಲಿ ಮನೆಯ ಭಂಡಾರದೊಳಗೆ ಹುಡುಕುವ ಸೌಕರ್ಯವೇ ಮೊದಲು ಇರಲಿಲ್ಲ. ಅಪವಾದವು ಬಲಿತು ೨೦೨೫ರ ಜನವರಿಯಲ್ಲಿ ಅದರ ಮುಖ್ಯಾಧಿಕಾರಿಯು ಸ್ಥಾನವನ್ನು ಬಿಟ್ಟನು. ಭಂಡಾರವು ಮನೆಯಲ್ಲಿಯೇ ಇದ್ದಿತು, ಗೀತಗಳು ಒಂದೂ ಕಳೆದಿರಲಿಲ್ಲ, ಆದರೂ ಒಡೆಯನು ತನ್ನ ಗೀತವನ್ನು ತಾನು ಹುಡುಕಲಾರದೆ ಹೋದನು.

ಇವೆಲ್ಲಕ್ಕಿಂತ ವಿಚಿತ್ರವಾದುದು ೨೦೨೫ರ ಮಾರ್ಚಿನ ಘಟನೆ. ಗೂಗಲ್ ಸಂಸ್ಥೆಯು ೨೦೧೫ರಲ್ಲಿ ಕ್ರೋಮ್‌ಕಾಸ್ಟ್ ಆಡಿಯೊ ಎಂಬ ಚಿಕ್ಕ ಬಿಲ್ಲೆಯನ್ನು ಮಾರಿತು. ಹಳೆಯ ಧ್ವನಿವರ್ಧಕಕ್ಕೆ ಸಿಕ್ಕಿಸಿದರೆ ಅದು ನಿಸ್ತಂತುವಾಗುತ್ತಿದ್ದಿತು. ೨೦೧೯ರಲ್ಲಿ ಮಾರಾಟವನ್ನು ನಿಲ್ಲಿಸಿದರು. ಯಂತ್ರದ ಗುರುತನ್ನು ದೃಢಪಡಿಸುವ ಪ್ರಮಾಣಪತ್ರವೊಂದಕ್ಕೆ ಹತ್ತು ವರ್ಷಗಳ ಅವಧಿಯನ್ನು ಬರೆದಿದ್ದರು. ಅವಧಿಯು ತೀರಿದ ದಿನ, ಲೋಕದಲ್ಲಿದ್ದ ಆ ಬಗೆಯ ಯಂತ್ರಗಳು ಒಟ್ಟಿಗೆ ಮೂಕವಾದುವು. ತುಕ್ಕು ಹಿಡಿಯಲಿಲ್ಲ, ಸುಡಲಿಲ್ಲ, ಕೆಳಗೆ ಬೀಳಲಿಲ್ಲ. ಪಂಚಾಂಗದಲ್ಲಿ ಒಂದು ದಿನವು ಕಳೆಯಿತು, ಅಷ್ಟೆ. ಕೆಲವು ದಿನಗಳಲ್ಲಿ ಸಂಸ್ಥೆಯು ಪರಿಹಾರವನ್ನು ಕಳುಹಿಸಿತು. ಕಳುಹಿಸದಿದ್ದರೆ ಕೇಳುವ ಅಧಿಕಾರವು ಒಡೆಯನಿಗೆ ಇದ್ದಿತೇ ಎಂಬುದು ಬೇರೆಯೇ ವಿಷಯ.

ಸ್ಲಿಮ್ ಡಿವೈಸಸ್ ಸಂಸ್ಥೆಯ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ೨೦೦೬ರಲ್ಲಿ ಅದನ್ನು ಲಾಜಿಟೆಕ್ ಸಂಸ್ಥೆಯು ೨ ಕೋಟಿ ಡಾಲರಿಗೆ ಕೊಂಡುಕೊಂಡಿತು. ೨೦೧೨ರಲ್ಲಿ ಸ್ಕ್ವೀಜ್‌ಬಾಕ್ಸ್ ಯಂತ್ರಗಳನ್ನು ಕೈಬಿಟ್ಟಿತು. ಹೊರಗಿನ ಜಾಲತಾಣದ ಸೇವೆಯೂ ೨೦೨೪ರಲ್ಲಿ ನಿಂತಿತು. ಇಷ್ಟಾದರೂ ಮನೆಯ ಭಂಡಾರದಿಂದ ಗಾನವನ್ನು ಹರಿಸುವ ಕಾರ್ಯಕ್ಕೆ ಭಂಗ ಬರಲಿಲ್ಲ. ಏಕೆಂದರೆ ಬುದ್ಧಿಯೆಲ್ಲವೂ ಇದ್ದುದು ಒಡೆಯನ ಗಣಕಯಂತ್ರದ ಸರ್ವರ್‌ನಲ್ಲಿ, ಆ ಸರ್ವರ್‌ನ ತಂತ್ರಾಂಶವು ಮೊದಲಿನಿಂದಲೂ ಬಹಿರಂಗವಾಗಿದ್ದಿತು. ಉತ್ಪಾದಕನು ಎದ್ದುಹೋದ ಮನೆಯನ್ನು ಬಳಸುವವರೇ ಗುಡಿಸಿ ಸಾರಿಸಿ ಇಟ್ಟುಕೊಂಡರು. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಅಗ್ಗದ ಗಣಕಯಂತ್ರವನ್ನು ಹಳೆಯ ಪೆಟ್ಟಿಗೆಯಂತೆಯೇ ನಡೆಯುವಂತೆ ಮಾಡಿದರು. ಲಾಜಿಟೆಕ್ಕಿನ ಹೆಸರನ್ನು ಹೊತ್ತಿದ್ದ ಸರ್ವರ್‌ಗೆ ೨೦೨೪ರಲ್ಲಿ ‘ಲಿರಿಯನ್ ಮ್ಯೂಸಿಕ್ ಸರ್ವರ್’ ಎಂದು ಪುನರ್ನಾಮಕರಣವಾಯಿತು. ೨೦೦೩ರ ಯಂತ್ರಗಳೂ ಅದರೊಡನೆ ಕೂಡಿ ಹಾಡಬಲ್ಲುವು.